ಕಲ್ಲಿನೊಳಗಿನ ಕೆಮ್ಮು

ಶಾಕಿರಾ ಬೇಗಂಗೆ ತಂದೆಯ ಮುಖ ನೆನಪಿರಲಿಲ್ಲ. ನೆನಪಿದ್ದದ್ದು ಕೆಮ್ಮು: ಎರಡು ಸಣ್ಣವು, ತುಸು ತಡೆದು ಒಂದು ಉದ್ದದ್ದು. ಭಾಲ್ಕಿಯ ತಹಸೀಲ ಕಚೇರಿಯಲ್ಲಿ ಮುನ್ಷಿಯಾಗಿದ್ದ ಅಮೀರ ಪಾಶಾ, ಹೈದರಾಬಾದ ಸಂಸ್ಥಾನಕ್ಕೆ ಭಾರತದ ಫೌಜು ಬಂದ ವಾರ, ಅಣ್ಣನನ್ನು ನೋಡಿಬರಲು ಬೀದರಿಗೆ ಹೊರಟವನು ಅಲ್ಲಿಗೂ ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಗಳಿಗೆ ಆಗ ಆರು ವರ್ಷ.

ಅವಳಿಗೆ ಹದಿನೈದಾಗುವಷ್ಟರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೈಸ್ಕೂಲಿನಲ್ಲಿ ಉರ್ದು ಪುಸ್ತಕ ಹೋಗಿ ಕನ್ನಡದ್ದು ಬಂದಿತ್ತು. ವಿಜ್ಞಾನದ ಹೊಸ ಶಬ್ದಗಳನ್ನು ಮಕ್ಕಳು ಗಿಳಿಯಂತೆ ಒಪ್ಪಿಸಿ ಮರೆಯುತ್ತಿದ್ದರು. ಮಧ್ಯಾಹ್ನವಾದರೆ ಅರ್ಧ ಬೆಂಚು ಖಾಲಿ.

ವಿಜ್ಞಾನದ ಮಾಸ್ತರ ಮನ್ಮಥಪ್ಪ ಒಂದು ದಿನ ಬೀದರಿನ ಗುಜರಿಯಲ್ಲಿ ಸಿಕ್ಕ ಹಳೆಯ ಹೆಡ್‌ಫೋನು ತಂದರು. ಫೌಜಿನವರು ಬಿಟ್ಟುಹೋದದ್ದಂತೆ. ಮಾಳಿಗೆಯಿಂದ ಬೇವಿನ ಮರಕ್ಕೆ ತಾಮ್ರದ ತಂತಿ ಕಟ್ಟಿ, ಇನ್ನೊಂದನ್ನು ಹಸಿ ನೆಲದಲ್ಲಿ ಹೂತು, ನಡುವೆ ತಂತಿಯ ಸುರುಳಿ ಮತ್ತು ಹೊಳೆಯುವ ಒಂದು ಸೀಸದ ಕಲ್ಲು ಇಟ್ಟರು. ಬ್ಯಾಟರಿ ಇಲ್ಲ, ಕರೆಂಟು ಇಲ್ಲ. ಸೂಜಿಯಂಥ ತಂತಿಯ ತುದಿ ಕಲ್ಲಿಗೆ ತಾಗಿಸಿದರೆ ಬಹಳ ದೂರದಿಂದ ಮನುಷ್ಯರ ಮಾತು, ಪಿಸುಗುಟ್ಟಿದಂತೆ.

ಶಾಕಿರಾಳ ಪಾಳಿ ಬಂತು. ಸ್ವಲ್ಪ ಹೊತ್ತಿಗೆ ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

"ಸರ್, ಇದರಾಗ ನಮ್ಮ ಅಬ್ಬಾ ಕೆಮ್ಮಲತಾರ್ರಿ."

"ರೇಡಿಯೋದಾಗ ಸುದ್ದಿ ಓದವ್ರು ಕೆಮ್ಮಿದ್ದವ್ವ," ಎಂದರು ಮಾಸ್ತರು.

ಮರುದಿನದಿಂದ ಅವಳೇ ಮೊದಲು ಬರತೊಡಗಿದಳು. ಸುರುಳಿಗೆ ಎಷ್ಟು ಸುತ್ತು, ತಂತಿ ಎಷ್ಟು ಉದ್ದ ಎಂದೆಲ್ಲ ಕೇಳಿ ಬರೆದುಕೊಂಡಳು. ಕಲ್ಲಿನೊಳಗೆ ಸತ್ತವರ ದನಿ ಕೇಳುತ್ತದೆಂದು ಸುದ್ದಿ ಹರಡಿತು. ಖಾಲಿ ಬೆಂಚುಗಳು ತುಂಬಿದವು. ಆದರೆ ತುಂಬಿದ ಆ ಕೋಣೆಯಲ್ಲಿ ಗದ್ದಲವಿರಲಿಲ್ಲ. ಸಾಲುಗಟ್ಟಿ ನಿಂತ ಮಕ್ಕಳು ಕಲ್ಲನ್ನು ಮುಟ್ಟದೆ, ಉಸಿರು ಬಿಗಿಹಿಡಿದು, ಒಬ್ಬೊಬ್ಬರೂ ತಮ್ಮ ಮನೆಯ ಸತ್ತವರ ದನಿಗಾಗಿ ಕಿವಿಗೊಡುತ್ತಿದ್ದರು. ಎಂದೂ ಹೀಗೆ ಕಲಿಯದ ಮಕ್ಕಳು ಕಲಿಯುತ್ತಿದ್ದಾರೆಂದು ಮಾಸ್ತರು ಸುಮ್ಮನಿದ್ದರು. ಸಾಲೆಗೆ ನೀರು ತರುವ ಸಖುಬಾಯಿಯೂ ಕೊಡ ಇಳಿಸಿ ಆ ಸಾಲಿನಲ್ಲಿ ನಿಂತ ದಿನ ಅವರಿಗೆ ಭಯವಾಯಿತು.

ಅವರು ಶಾಕಿರಾಳನ್ನು ಕರೆದರು. "ನಾ ಹೇಳಿದ್ರ ನೀ ನಂಬಂಗಿಲ್ಲ. ಖರೇ ಏನದ, ನೀನೇ ಪರೀಕ್ಷಾ ಮಾಡಿ ನೋಡು."

ಅವಳು ಎರಡು ದಿನ ಯೋಚಿಸಿದಳು. "ಅಬ್ಬಾ ಕಲ್ಲಿನಾಗ ಇದ್ದರ, ಮರದ ತಂತಿ ಬಿಚ್ಚಿದ್ರೂ ಕೆಮ್ಮಬೇಕಲ್ರಿ."

ಮಧ್ಯಾಹ್ನದ ಸುದ್ದಿಯ ಹೊತ್ತಿಗೆ ತಂತಿ ಬಿಚ್ಚಿ ಹೆಡ್‌ಫೋನು ಹಾಕಿಕೊಂಡಳು. ಏನೂ ಇಲ್ಲ. ಸರಸರ ಸದ್ದೂ ಇಲ್ಲ. ಕಿವಿಯೊಳಗೆ ಅಂಥ ಖಾಲಿಯನ್ನು ಅವಳು ಎಂದೂ ಕೇಳಿರಲಿಲ್ಲ. ಅದರಲ್ಲಿ ತಂದೆ ಎಲ್ಲಿಯೂ ಇರಲಿಲ್ಲ. ತಂತಿ ಮತ್ತೆ ಜೋಡಿಸಿದಾಗ ಯಾರೋ ಒಬ್ಬ ಕಾಗದ ತಿರುವಿದ, ಕೆಮ್ಮಿದ, ಮುಂದಿನ ಸುದ್ದಿ ಓದಿದ.

ಬಾಗಿಲಲ್ಲಿ ಸಖುಬಾಯಿ ನಿಂತಿದ್ದಳು. ಶಾಕಿರಾ ಎಲ್ಲವನ್ನೂ ಹೇಳಿದಳು. ಆಕೆ ತಲೆಯಾಡಿಸಿದಳು.

"ತಂತಿ ಬಿಚ್ಚೇ ಕೊಡವ್ವ. ನಾನೂ ಒಂದು ಸಲ ಕೇಳ್ತೇನಿ."

ಬಿಚ್ಚಿಕೊಟ್ಟಳು. ಸಖುಬಾಯಿ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಹೊರಗೆ ಗಾಳಿ ನಿಂತಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಆಕೆಯ ಮುಖದಲ್ಲಿ ನಿಧಾನವಾಗಿ ನಗು ಮೂಡಿತು.

"ಇಲ್ಲೇ ಅದಾನ," ಎಂದಳು. "ನನ್ನ ಕೂಸು ಮಾತು ಕಲಿಯೂ ಮುಂಚೇನೆ ಸತ್ತಿತ್ತವ್ವ."

ಶಾಕಿರಾ ಹೆಡ್‌ಫೋನು ಕಸಿದುಕೊಳ್ಳಲು ಚಾಚಿದ ಕೈಯನ್ನು ಹಿಂದೆಗೆದಳು.

ಆ ಸಂಜೆ ಅವಳು ತಾಯಿಗೆ ಪರೀಕ್ಷೆಯ ವಿಷಯ ಹೇಳಿದಳು. ತಾಯಿ ಅಳಲಿಲ್ಲ. ಸುದ್ದಿ ಓದುವ ಆ ಮನುಷ್ಯನ ಕೆಮ್ಮು ಇನ್ನೂ ವಾಸಿಯಾಗಿಲ್ಲವೇ ಎಂದಷ್ಟೇ ಕೇಳಿದಳು. ಶುಕ್ರವಾರ ಗಂಡನ ಹೆಸರಿನಲ್ಲಿ, ಒಂಬತ್ತು ವರ್ಷಗಳಲ್ಲಿ ಮೊದಲ ಸಲ, ಸತ್ತವರಿಗಾಗಿ ಓದುವ ಫಾತಿಹಾ ಓದಿಸಿದಳು.

ಶಾಕಿರಾ ಮುಂದೆ ಓದಿ ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದಳು. ತಾಯಿಯೂ ಜೊತೆಗೆ ಹೋದಳು. ಅಲ್ಲಿಯವರೆಗೆ ಆಕೆ ಭಾಲ್ಕಿಯ ಮನೆಗೆ ಬೀಗ ಹಾಕಿ ಒಂದು ದಿನವೂ ಬೇರೆ ಊರಿನಲ್ಲಿ ಉಳಿದಿರಲಿಲ್ಲ.