ಬಾಟಲಿ ಕಟ್ಟದ ಕಾರು

ಆ ಕಾರಿನಲ್ಲಿ ಕೂತು ಬಂದ ಸಾದಿಕ್ ಭಾಯ್ ಹೆದರಿಬಿಟ್ಟರು ಎಂದೇ ಹುಣಸೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಕೆಟ್ಟವನು ನಾನು. 'ಎಲ್ಲರೂ ಹೇಳುತ್ತಾರೆ' ಎಂದು ಕೇಳಿದ ಕೂಡಲೇ ಎದ್ದು ನಿಲ್ಲುವ ಚಟ. "ಮೊಕ ಬೆಳ್ಳಗಾಗಿತ್ತು ಕಣ್ಲಾ, ನಾನೇ ನೋಡಿವ್ನಿ" ಎಂದು ಹೊಗೆಸೊಪ್ಪು ಬೆಳೆಯುವ ಸ್ವಾಮಣ್ಣ ಟೀ ಅಂಗಡಿಯಲ್ಲಿ ಸಾಕ್ಷಿ ನುಡಿಯುತ್ತಾನೆ. ಬೆಳ್ಳಗಾಗಿದ್ದು ನಿಜ. ಆದರೆ ಮುಖ ಬೆಳ್ಳಗಾಗಲು ಹೆದರಿಕೆಯೊಂದೇ ಕಾರಣ ಎಂದವರು ಯಾರು?

ಸಾದಿಕ್ ಭಾಯ್ ಎಂದರೆ ನಮ್ಮ ಕಡೆ ಮೈಲೇಜು. ಪಿರಿಯಾಪಟ್ಟಣ, ಭೇರ್ಯ, ಹಂಪಾಪುರದಿಂದೆಲ್ಲ ಹಳೆಯ ಮೊಪೆಡ್ಡುಗಳು ಅವರ ಗ್ಯಾರೇಜಿಗೆ ಬರುತ್ತವೆ. ಟ್ಯಾಂಕಿನ ಪೈಪು ಕಳಚಿ, ಹ್ಯಾಂಡಲ್ಲಿಗೆ ಗ್ಲೂಕೋಸ್ ಬಾಟಲಿ ನೇತುಹಾಕಿ, ನೂರು ಎಮ್ಮೆಲ್ ಪೆಟ್ರೋಲು ತುಂಬುತ್ತಾರೆ. ಆಸ್ಪತ್ರೆಯಿಂದ ತಪ್ಪಿಸಿಕೊಂಡ ರೋಗಿಯಂತೆ ಕಾಣುವ ಆ ಗಾಡಿಯನ್ನು ಮೂವತ್ತರ ವೇಗ ಮೀರದೆ, ತಾನಾಗಿ ನಿಲ್ಲುವವರೆಗೆ ಓಡಿಸಿ, ಎಷ್ಟು ದೂರ ಬಂತೆಂದು ಮೈಲಿಗಲ್ಲು ನೋಡಿ, ನಿಂತಲ್ಲಿಂದ ತಳ್ಳಿಕೊಂಡು ಬರುತ್ತಾರೆ. ಕಾರ್ಬೊರೇಟರಿನ ತಿರುಪಿಗೆ ಕಾಲು ಸುತ್ತು. ಮತ್ತೆ ಬಾಟಲಿ. "ಎಷ್ಟು ಕೊಡ್ತದೆ ಭಾಯ್?" ಹಸುವಿನ ಹಾಲು ವಿಚಾರಿಸುವ ದನಿಯಲ್ಲೇ ನಾವು ಕೇಳುವುದು. ಉತ್ತರ ಹೇಳದೆ ಅವರು ಕಳಿಸಿದ ಗಾಡಿಯಿಲ್ಲ. ಜೋರಾಗಿ ಓಡಿಸುವವರನ್ನು ಕಂಡರೆ, "ಪೆಟ್ರೋಲ್ ಏನ್ ನಿಮ್ಮ ಬಾವೀಲಿ ಬತ್ತದಾ?" ಎಂದು ಬೈಯುತ್ತಾರೆ.

ಅಂಥವರ ಬಾಗಿಲಿಗೆ ಒಂದು ಬೆಳಗ್ಗೆ ಕೆಂಪು ಸೂಪರ್‌ಕಾರು ಬಂತು. ನಮ್ಮೂರಿನ ರಸ್ತೆಯ ಹಂಪು ಅದರ ಹೊಟ್ಟೆ ಕೆರೆದಿತ್ತು. ಓಡಿಸುತ್ತಿದ್ದವರು ಕೊಡಗಿಗೆ ಹೊರಟಿದ್ದ, ಐವತ್ತು ದಾಟಿದ ಹೆಂಗಸು. ಸಾದಿಕ್ ಭಾಯ್ ಕೆನ್ನೆಯನ್ನು ಟಾರಿಗೆ ಒತ್ತಿ ಮಲಗಿ ನೋಡಿ, "ತರಚಿದೆ ಅಷ್ಟೇ ಮೇಡಂ" ಎಂದು ಎದ್ದರು. ಆಮೇಲೆ ತಡೆಯಲಾರದೆ ಕೇಳಿದರು: "ಎಷ್ಟು ಕೊಡ್ತದೆ?"

"ಲೀಟರಿಗೆ ಊರೊಳಗೆ ಮೂರು, ಹೈವೇಲಿ ಆರು. ನಾನು ಓಡಿಸಿದ್ರೆ ನಾಲ್ಕು!"

ಎದುರಿನ ಟೀ ಅಂಗಡಿಯಲ್ಲಿದ್ದ ನಾವೆಲ್ಲ ಲೋಟ ಹಿಡಿದೇ ಎದ್ದು ಬಂದೆವು. ಸಾದಿಕ್ ಭಾಯ್‌ಗೆ ನಿಜವಾಗಿ ಕನಿಕರ ಬಂತು. "ಯಾರೋ ನಿಮಗೆ ಸೆಟ್ಟಿಂಗ್ ಕೆಡಿಸಿ ಕೊಟ್ಟವ್ರೆ. ಪೈಪ್ ಎಲ್ಲದೆ ತೋರ್ಸಿ ಮೇಡಂ, ಬಾಟ್ಲಿ ಕಟ್ತೀನಿ. ಇನ್ನೆರಡು ಜಾಸ್ತಿ ಕೊಡಂಗೆ ಮಾಡ್ತೀನಿ."

ನಾನು ಬಿಟ್ಟೇನೆಯೇ? ಇದರ ಟೈರುಗಳ ಬೆಲೆಗೆ ಟ್ರ್ಯಾಕ್ಟರು ಬರುತ್ತದೆ, ಒಂದು ಸಲ ಆಯಿಲ್ ಬದಲಿಸುವ ದುಡ್ಡಿಗೆ ಹೊಸ ಮೊಪೆಡ್ಡು ಬರುತ್ತದೆ, ಇದು ವಾಹನವಲ್ಲ, ವ್ಯರ್ಥಕ್ಕೆ ಚಕ್ರ ಹಚ್ಚಿದ್ದು ಎಂದೆಲ್ಲ ವಾದ ಹೂಡಿದೆ. ಆಕೆ, "ಎಲ್ಲಾ ನಿಜ" ಎಂದು ನಕ್ಕರು. ಒಪ್ಪಿಕೊಂಡುಬಿಡುವ ಎದುರಾಳಿಯಷ್ಟು ಅಪಾಯಕಾರಿ ಯಾರೂ ಇಲ್ಲ. ನಕ್ಕವರು ಎಂಜಿನ್ ಚಾಲೂ ಮಾಡಿದರು.

ಹನ್ನೆರಡು ಸಿಲಿಂಡರಿನ ಆ ಸದ್ದು ನನ್ನ ಕಿವಿಗೆ ಬೀಳಲಿಲ್ಲ, ಎದೆಗೂಡಿಗೆ ಬಿತ್ತು. ಟೀ ಲೋಟದಲ್ಲಿ ಉಂಗುರಗಳೆದ್ದವು. ನನ್ನ ವಾದದ ಮುಂದಿನ ಅಂಶ ಯಾವುದೆಂದು ಮರೆತುಹೋಯಿತು. ನಮ್ಮ ಕಾಡಂಚಿನಿಂದ ದಸರಾ ಆನೆಗಳು ಹೊರಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ ತಿಂದು ತಿಂಗಳುಗಟ್ಟಲೆ ತಾಲೀಮು ಮಾಡುವ ಆನೆ ಅಂಬಾರಿ ಹೊತ್ತು ನಡೆಯುವುದು ಕೆಲವೇ ಮೈಲಿ. ಕೈಮುಗಿದು ನಿಂತ ನಾವು ಅದರ ಮೈಲೇಜು ಕೇಳಿದ್ದುಂಟೇ?

"ಬನ್ನಿ ಭಾಯ್, ಕೂತು ನೋಡಿ" ಎಂದರು ಆಕೆ. ಸಾದಿಕ್ ಭಾಯ್ ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು, ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪಿರಿಯಾಪಟ್ಟಣದ ರಸ್ತೆ ಹಿಡಿದ ಕಾರು ಟೀ ಆರುವ ಮುಂಚೆ ವಾಪಸು ಬಂತು. ಬಿಳಿಚಿದ ಮುಖದಲ್ಲಿ ಇಳಿದ ಭಾಯ್ ಸೀದಾ ಗ್ಯಾರೇಜಿನೊಳಗೆ ಹೋದರು. ಬಾಟಲಿಯನ್ನು ಮೊಳೆಗೆ ತಗುಲಿಹಾಕಿದರು.

ವಾರವಾದರೂ ಅದು ಮೊಳೆಯಲ್ಲೇ ಇತ್ತು. ಗ್ಯಾರೇಜಿನ ಮುಂದೆ ಮೊಪೆಡ್ಡುಗಳು ಸಾಲುಗಟ್ಟಿದವು. ಕೇಳಿದವರಿಗೆಲ್ಲ, "ನಾಳೆ ನೋಡಣ." ಭಾಯ್‌ಗೆ ಕೈಕಸುಬೇ ಬೇಸರವಾಯಿತೇನೋ ಎಂದು ನನಗೂ ದಿಗಿಲಾಯಿತು. "ಮುಗೀತು ಬುಡು, ಇನ್ಯಾರ್ಲಾ ನಮ್ ಗಾಡಿ ನೋಡೋರು?" ಎಂದ ಸ್ವಾಮಣ್ಣ.

ಕೊನೆಗೆ ಅಪ್ಪನ ಮೊಪೆಡ್ಡನ್ನು ನಾನೇ ತಂದು ನಿಲ್ಲಿಸಿದೆ. ಭಾಯ್ ಅದರ ಪೈಪು ಕಳಚಿ, ಬಾಟಲಿ ಇಳಿಸಿ, ನೂರು ಎಮ್ಮೆಲ್ ತುಂಬಿದರು. "ಹತ್ತಿ ವಕೀಲ್ರೇ." ನಾನು ವಕೀಲನಲ್ಲ, ನನ್ನ ಬಾಯಿಗೆ ಅವರಿಟ್ಟ ಹೆಸರು.

ಊರು ದಾಟಿದ ಮೇಲೆ ಅವರು ಆಕ್ಸಿಲರೇಟರನ್ನು ತಿರುಗಿಸಿದರು. ಪೂರ್ತಿ ತಿರುಗಿಸಿದರು. ಮಡ್‌ಗಾರ್ಡು ಬಡಿದುಕೊಂಡಿತು, ಬಾಟಲಿ ಗಂಟೆಯಂತೆ ತೂಗಾಡಿತು, ನನ್ನ ಹಲ್ಲು ಕಟಕಟ ಎಂದವು. ಮೂವತ್ತು ಮೀರದ ಮನುಷ್ಯ! ಪೆಟ್ರೋಲು ಮುಗಿದು, ಎಂದೂ ನಿಲ್ಲದಷ್ಟು ಬೇಗ ಗಾಡಿ ನಿಂತಿತು.

ಇಳಿದು ನೋಡಿದರೆ ಅವತ್ತಿನದೇ ಬಿಳಿಚಿದ ಮುಖ. ಕಣ್ಣು ಮಾತ್ರ ನಗುತ್ತಿತ್ತು. ಇಬ್ಬರೂ ಗಾಡಿ ತಳ್ಳುತ್ತಾ ಹುಣಸೂರಿನ ಕಡೆ ತಿರುಗಿದೆವು. ಅವರು ದೂರವೆಷ್ಟೆಂದು ಮೈಲಿಗಲ್ಲನ್ನೂ ನೋಡಲಿಲ್ಲ. ನಾನೇ ಕೇಳಿದೆ, ಈ ಸಲ ವಾದಕ್ಕಲ್ಲ:

"ಸಾದಿಕ್ ಭಾಯ್, ಅವತ್ತು ಆ ಕಾರು ನಿಮಗೆ ಎಷ್ಟು ಕೊಡ್ತು?"