ಅತ್ತೆಯನ್ನು ಮಾತಾಡಿಸಿದ ಸೀತಾಫಲ

ಈ ದೀಪಾವಳಿಗೆ ನಮ್ಮತ್ತೆ ನನ್ನ ಜೊತೆ ಮಾತಾಡಿದರು.

ಅದರಲ್ಲೇನು ವಿಶೇಷ ಅಂತೀರಾ? ನಿಮ್ಮತ್ತೆ ನಿಮ್ಮೆದುರು ಕೂತು ಹರಟೆ ಹೊಡೆಯುವವರಾದರೆ ನೀವು ಪುಣ್ಯವಂತರು. ಮೊಳಕಾಲ್ಮುರಿನ ನನ್ನ ಅತ್ತೆಮನೆಯಲ್ಲಿ ಅತ್ತೆ ಅಳಿಯನೆದುರು ಬರುವ ಪದ್ಧತಿಯೇ ಇಲ್ಲ. ಅಡಿಗೆಮನೆ ಬಾಗಿಲ ಮರೆಯಲ್ಲಿ ನಿಂತು, ಮಗಳ ಮೂಲಕವೇ ಮಾತು. "ಅವರಿಗೆ ಇನ್ನೊಂದು ಹೋಳಿಗೆ ಬೇಕಾ ಕೇಳೇ ನಾಗೂ." ನಾಗೂ ಅಂದರೆ ನನ್ನ ಹೆಂಡತಿ ನಾಗಮ್ಮ. ನನಗೆ ಕೇಳಿಸಿದ್ದರೂ ಕೇಳಿಸದವನ ಹಾಗೆ ಕೂರಬೇಕು. ಅವಳು ಬಂದು ಅದನ್ನೇ ಕೇಳಬೇಕು. ನಾನು ಸಾಕು ಅನ್ನಬೇಕು. ಆ ಸಾಕು ಬಾಗಿಲ ಹಿಂದಕ್ಕೆ ಮುಟ್ಟುವಷ್ಟರಲ್ಲಿ ಹೋಳಿಗೆ ನನ್ನ ಎಲೆಗೆ ಬಿದ್ದಿರುತ್ತದೆ!

ನನಗೆ ಅವ್ವ ಇಲ್ಲ. ಮುಖ ನೆನಪಿರುವಷ್ಟು ದಿನವೂ ಅವಳು ಇರಲಿಲ್ಲ. ಅದಕ್ಕೋ ಏನೋ, ಮದುವೆಯಾದಾಗಿನಿಂದ ನನಗೆ ಒಂದೇ ಆಸೆ. ಈ ಹೆಂಗಸು ಒಮ್ಮೆಯಾದರೂ ನೇರವಾಗಿ, ನನಗೇ ಅಂತ ಒಂದು ಮಾತು ಆಡಬೇಕು.

ಆಡಿಸುವುದು ಹೇಗೆ? ನನಗೆ ಗೊತ್ತಿರುವ ವಿದ್ಯೆ ಎರಡೇ. ಚಳ್ಳಕೆರೆ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವುದು, ಮನೆ ಹಿತ್ತಿಲಲ್ಲಿ ಪುಡ್ಡಿಂಗ್ ಮಾಡುವುದು. ಲೆಕ್ಕ ಕೇಳಿ ಒಲಿದ ಅತ್ತೆಯನ್ನು ನಾನಂತೂ ಕಂಡಿಲ್ಲ.

ನನ್ನ ಪುಡ್ಡಿಂಗ್ ಹುಚ್ಚು ನಮ್ಮೂರಿಗೆ ಹೊಸದಲ್ಲ. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಲ್ಲಿ ಮೇಯುವ ಸರ್ಕಾರಿ ದನ ನೋಡಲು ಬರುವ ಇಂಗ್ಲಿಷ್ ದೊರೆಗಳು ನಮ್ಮೂರಿನ ಮುಸಾಫಿರ್ ಬಂಗ್ಲೆಯಲ್ಲಿ ಇಳಿಯುತ್ತಾರಲ್ಲ, ಅಲ್ಲಿನ ಬಟ್ಲರ್ ಹುಸೇನ್ ಸಾಬರೇ ನನ್ನ ಗುರುಗಳು. ಓವನ್ ಇಲ್ಲವೇ? ಬೇಡ. ದಪ್ಪ ತಳದ ಡಬರಿ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. "ಹಾಲು, ರವೆ, ತುಪ್ಪ, ಸಕ್ರೆ ಸರಿ ಇದ್ರೆ ಸಾಕು ಮಾಸ್ಟರೇ. ಯಾವ್ ಹಣ್ಣಾದ್ರೂ ಹಾಕ್ರಿ, ಬರ್ತೈತೆ" ಅಂದಿದ್ದರು. (ಮೊಟ್ಟೆ ಒಡೆದು ಹಾಕಿದರೆ ಇನ್ನೂ ಚೆಂದ ಅಂತಲೂ ಅಂದಿದ್ದರು. ಇದು ನಾಗಮ್ಮನ ಕಿವಿಗೆ ಬೀಳಬಾರದು.) ಬಾಳೆಹಣ್ಣು ಹಾಕಿದೆ, ಬಂತು. ಮಾವು ಹಾಕಿದೆ, ಬಂತು. ನೇರಳೆ ಹಾಕಿದೆ, ಅದೂ ಬಂತು, ಮನೆಯವರ ನಾಲಿಗೆಯೆಲ್ಲ ನೀಲಿಯಾಯಿತು ಅಷ್ಟೆ. ಬಾರೆಹಣ್ಣಿನ ಕಥೆ ಮಾತ್ರ ಕೇಳಬೇಡಿ.

ದೀಪಾವಳಿಗೆ ಮೊಳಕಾಲ್ಮುರಿಗೆ ಹೋಗಿ ಗಾಡಿ ಇಳಿದರೆ, ಜಗಲಿಯ ಮೇಲೆ ಬುಟ್ಟಿ ತುಂಬ ಗುಡ್ಡದ ಸೀತಾಫಲ. ನಮ್ಮತ್ತೆಗೆ ಸೀತಾಫಲ ಅಂದರೆ ಪ್ರಾಣ. ಇನ್ನೇನು ಬೇಕು? ನನ್ನ ಕೈ ತುರಿಸತೊಡಗಿತು.

ಮಾವ ರೇಷ್ಮೆ ಸೀರೆ ನೇಯುವವರು. ಮನೆಯವರ ಜೊತೆ ತೆಲುಗು, ಅಳಿಯನ ಜೊತೆ ಕನ್ನಡ. ಅಳಿಯ ಒಲೆ ಹಚ್ಚುತ್ತಾನಂತೆ ಅಂತ ಕೇಳಿ ಅವರ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು.

"ಅಳಿಯಂದ್ರು ಒಲೆ ಮುಂದೆ ಕೂತ್ರೆ ಕಂಡೋರು ಏನಂತಾರ್ರೀ?" ಅಂದರು. ನನ್ನ ಮುಖ ಬಾಡಿದ್ದು ಕಂಡಿರಬೇಕು. "ಆಗ್ಲಿ, ಮಾಡ್ರಿ. ಹಿತ್ಲು ಕೊನೇಗೆ ಹಚ್ರಿ ಮತ್ತೆ. ಮಗ್ಗದ ಮ್ಯಾಲೆ ತಿಳಿ ಬಣ್ಣದ ಸೀರೆ ಐತೆ. ಹೊಗೆ ಕುಂತ್ರೆ ಕೆಟ್ಟೋಗ್ತೈತೆ."

ಹಿತ್ತಿಲ ಕೊನೆಯಲ್ಲೇ ಒಲೆ ಹಚ್ಚಿದೆ. ಸೀತಾಫಲದ ಬೀಜ ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ತಿರುಳನ್ನು ಹಾಲು, ರವೆಗೆ ಕಲಸಿ, ಡಬರಿ ಮುಚ್ಚಿ, ಕೆಂಡ ಹೇರಿ ಕೂತೆ. ಏನು ಘಮ ಅಂತೀರಿ! ಬಾಗಿಲ ಮರೆಯಿಂದ ಬಳೆ ಸದ್ದು ಕೇಳಿತು. ಅತ್ತೆ ಇಣುಕುತ್ತಿದ್ದಾರೆ! ಇವತ್ತು ಕೆಲಸ ಆದ ಹಾಗೇ ಅಂದುಕೊಂಡೆ.

ಎಲ್ಲರೂ ಕೂತರು. ಮೊದಲು ಅಳಿಯನಿಗೆ ಅಂದರು, ಇಲ್ಲ ಮೊದಲು ನಿಮಗೇ ಅಂತ ನಾನೇ ಬಡಿಸಿದೆ. ಮಾವ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. (ರುಚಿಗೆ ಅಂದುಕೊಂಡೆ.) "ಬಾಗುಂದಿ" ಅಂದರು. ತೆಲುಗಿನಲ್ಲಿ ಚೆನ್ನಾಗಿದೆ ಅಂತ. ಬಾಮೈದ ಒಂದು ತುತ್ತು ನುಂಗಿ, ಒಂದು ಚೊಂಬು ನೀರು ಕುಡಿದು, "ಬಾಗುಂದಿ ಬಾವಾ" ಅಂದ. ಒಳಗೆ ಅತ್ತೆಗೂ ಒಂದು ಬಟ್ಟಲು ಹೋಯಿತು.

ಆಮೇಲೆ ನಾನು ತಿಂದೆ.

ಕಹಿ ಅಂದರೆ ಕಹಿ! ಬೇವಿನ ಕಷಾಯ! ಸೀತಾಫಲ ಕಾವಿಗೆ ಸಿಕ್ಕರೆ ಕಹಿಯಾಗುತ್ತದೆ ಅಂತ ಹುಸೇನ್ ಸಾಬರಿಗೂ ಗೊತ್ತಿರಲಿಲ್ಲವೋ, ಹೇಳಲು ಮರೆತರೋ. ಈಗ ಏನು ಮಾಡುವುದು? ಅಳಿಯನ ಮರ್ಯಾದೆಗೆ ಅಂತ ಮಾವ ತಿನ್ನುತ್ತಿದ್ದಾರೆ. ಅವರು ತಿನ್ನುವಾಗ ನಾನು ಬಿಡುವುದು ಹೇಗೆ? ನಾನು ತಿನ್ನುವುದನ್ನು ನೋಡಿ ಅವರು ಬಿಡುವುದು ಹೇಗೆ? ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ಇಬ್ಬರೂ ನುಂಗಿದೆವು. ನನ್ನ ಬಟ್ಟಲು ಖಾಲಿಯಾಯಿತು. ಬರೀ ಜಂಬಕ್ಕೆ ಇನ್ನೊಂದು ಸೌಟು ಹಾಕಿಕೊಂಡೆ.

ಧಡಾರನೆ ಬಾಗಿಲು ತೆರೆಯಿತು.

"ಏನಪ್ಪಾ ನೀನು! ಬಾಯಿಗೆ ರುಚಿ ಗೊತ್ತಾಗಲ್ವಾ? ಅಷ್ಟು ಚೆಂದದ ಹಣ್ಣು, ಹಾಗೇ ತಿಂದಿದ್ರೆ ಏನಾಗ್ತಿತ್ತು? ಹಾಲೂ ಹೋತು, ತುಪ್ಪಾನೂ ಹೋತು! ಕೆಳಗಿಡು ಅದನ್ನ. ಹಬ್ಬದ ದಿನ ಹೊಟ್ಟೆ ಕೆಟ್ಟು ಮಲಗಿದ್ರೆ ನಾನೇನ್ ಮಾಡ್ಲಿ? ಇಡು ಅಂದೆ!"

ಇಟ್ಟೆ.

ತಾನು ಎಲ್ಲಿ ನಿಂತಿದ್ದೇನೆ ಅಂತ ಅತ್ತೆಗೆ ಆಗ ಹೊಳೆಯಿತು. ಸೆರಗು ಎಳೆದುಕೊಂಡು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ನಾಗಮ್ಮನ ಕೈಯಲ್ಲಿ ಒಂದು ಚೂರು ಬೆಲ್ಲ ಬಂತು. ನನ್ನ ಕಣ್ಣು ತುಂಬಿ ಬಂದಿತ್ತು. ಕಹಿಗೆ ಇರಬೇಕು ಅಂದುಕೊಂಡು ಮಾವ ನೀರು ಕೊಟ್ಟರು.

ಹೇಳಿ ನೋಡೋಣ, ನಾವು ಬಾಗುಂದಿ ಅನ್ನುವುದು ಯಾರಿಗೆ? ಚಾಪೆ ಹಾಸಿ ಕೂರಿಸುವ ಬೀಗರಿಗೆ, ಮೇಲಿನ ಆಫೀಸರಿಗೆ. ಇಡು ಕೆಳಗೆ ಅಂತ ಗದರುವುದು ಯಾರಿಗೆ? ಯಾರ ಹೊಟ್ಟೆ ಕೆಟ್ಟರೆ ನಮಗೆ ನಿದ್ದೆ ಬಾರದೋ ಅಂಥವರಿಗೆ. ಅಷ್ಟು ವರ್ಷ ಆ ಮನೆಯಲ್ಲಿ ನಾನು ಹೋಳಿಗೆ ತಿಂದ ಅಳಿಯ. ಆ ಒಂದು ಗಳಿಗೆ ಬೈಸಿಕೊಂಡ ಮಗ. ಚಳ್ಳಕೆರೆಗೆ ವಾಪಸು ಬರುವಾಗ ಗಾಡಿಯಲ್ಲಿ ದಾರಿಯುದ್ದಕ್ಕೂ ನಗುತ್ತಿದ್ದೆನಂತೆ. ನಾಗಮ್ಮ ಹೇಳಿದ್ದು.

ಹೋದ ವಾರ ಅತ್ತೆ ಮಗಳನ್ನು ನೋಡಲು ನಮ್ಮೂರಿಗೆ ಬಂದರು. ಜೊತೆಗೆ ಈ ಸುಗ್ಗಿಯ ಕೊನೆಯ ಸೀತಾಫಲ. ಈ ಸಲ ನಾನು ಎಡವಲಿಲ್ಲ. ಬರೀ ಹಾಲು, ರವೆಯ ಪುಡ್ಡಿಂಗ್ ಬೇಯಿಸಿ, ಪೂರಾ ತಣ್ಣಗಾದ ಮೇಲೆ ಹಸಿ ತಿರುಳನ್ನು ಮೇಲೆ ದಪ್ಪಗೆ ಹರಡಿದೆ. ನಾನೇ ಹೇಳಿಕೊಳ್ಳಬಾರದು, ಅಮೃತ! ಒಳಗೆ ಬಟ್ಟಲು ಕಳಿಸಿ, ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ. ಬಟ್ಟಲು ಖಾಲಿಯಾಗಿ ಬಂತು. ಮತ್ತೆ ಹೋಯಿತು, ಮತ್ತೆ ಖಾಲಿ.

ಕೊನೆಗೆ ಬಾಗಿಲ ಮರೆಯಿಂದ ದನಿ ಬಂತು. "ಅವರು ಬಾಳ ಚೆನ್ನಾಗಿ ಮಾಡ್ಯಾರೆ ಅಂತ ಹೇಳೇ ನಾಗೂ."

ಹಾಳಾದ್ದು, ಯಾಕಾದರೂ ಅಷ್ಟು ಚೆನ್ನಾಗಿ ಮಾಡಿದೆನೋ!