ಅವ್ವನ ಎರಡನೇ ದೀಕ್ಷಾಸ್ನಾನ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಭಾನುವಾರ ನಮ್ಮ ಜೊತೆ ಗೋಕಾಕದ ಚರ್ಚಿಗೆ ಬರುವುದನ್ನು ಬಿಟ್ಟಳು. ಮೊಣಕಾಲು ನೋವು, ಬಸ್ಸು ಹತ್ತಲಾಗುವುದಿಲ್ಲ ಎಂದಳು. ನಂಬಿದೆ. ಒಂದು ಭಾನುವಾರ ನಾವು ಬೇಗ ಮೂಡಲಗಿಗೆ ಮರಳಿ ಬಂದರೆ ಮನೆಗೆ ಬೀಗ. ಬಾಜೂ ಮನೆಯಾಕೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. "ನಿಮ್ಮವ್ವಾರು ಕಲ್ಲೋಳಿಗೆ ಹೋಗ್ಯಾರಲ್ರಿ. ಪ್ರತಿ ವಾರ ಹೋಗ್ತಾರ, ನಿಮಗ ಗೊತ್ತಿಲ್ಲೇನ್ರಿ?" ಎಂದಳು.

ಕಲ್ಲೋಳಿಯಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ ಹೊಸ ಸಭೆ ಕೂಡುತ್ತಿದ್ದುದು ನನಗೆ ಗೊತ್ತಿತ್ತು. ನಡೆಸುವಾತ ವಾರವಿಡೀ ಟೆಂಪೋ ಓಡಿಸುವವನು. ಮಗುವಾಗಿದ್ದಾಗ ಹಣೆಗೆ ನೀರು ಹಾಕಿಸಿಕೊಂಡದ್ದನ್ನು ಆ ಸಭೆಯವರು ದೀಕ್ಷಾಸ್ನಾನವೆಂದು ಒಪ್ಪುವುದಿಲ್ಲ. ಬುದ್ಧಿ ತಿಳಿದ ಮೇಲೆ, ತಾನೇ ನಂಬಿ, ತಾನೇ ಕೇಳಿಕೊಂಡು ಪೂರ್ತಿ ನೀರಲ್ಲಿ ಮುಳುಗಬೇಕು. ನಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದ ಎಲ್ಲರಿಗೂ ತೊಟ್ಟಿಲ ವಯಸ್ಸಿನಲ್ಲೇ ಆಗಿದೆ. ನನಗೂ, ನನ್ನ ಮಕ್ಕಳಿಗೂ.

ಸಂಜೆ ಅವ್ವನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ನಾ ದೀಕ್ಷಾಸ್ನಾನ ತಗೋತೇನಿ."

"ನಿನಗ ಸಣ್ಣಾಕಿದ್ದಾಗ ಆಗೇತಲ್ಲ ಅವ್ವ?"

"ಆಗೇತಂತ ಮಂದಿ ಹೇಳ್ತಾರ."

ಈ ಮಾತು ಕಲ್ಲೋಳಿಯವರು ಕಲಿಸಿಕೊಟ್ಟದ್ದೇ ಎಂದು ನಾನು ತೀರ್ಮಾನಿಸಿದೆ. ನಾನು ಸಾಲಿ ಶಿಕ್ಷಕಿ; ಹೇಳಿಕೊಟ್ಟ ಉತ್ತರ ನನಗೆ ತಕ್ಷಣ ತಿಳಿಯುತ್ತದೆ ಎಂಬ ನಂಬಿಕೆ ಇತ್ತು. ಹಳೆಯ ಚರ್ಚಿನ ಹಿರಿಯಳೊಬ್ಬಳು ತಮ್ಮ ಕಡೆ ಬಂದಳೆಂದು ಊರೂರು ಹೇಳಿಕೊಳ್ಳಲು ಅವ್ವನನ್ನು ಒಲಿಸಿಕೊಂಡಿದ್ದಾರೆ ಅನ್ನಿಸಿತು. ಇನ್ನೊಂದು ಹೆದರಿಕೆಯೂ ಇತ್ತು. ಈಗಿನ ದಿನದಲ್ಲಿ ಯಾರೋ ನೀರಿಗೆ ಇಳಿದರೆ ಸಾಕು, ಮತಾಂತರ ಎಂದು ಹತ್ತು ಮಂದಿ ಮೊಬೈಲ್ ಹಿಡಿದು ನಿಲ್ಲುತ್ತಾರೆ.

ಗೋಕಾಕದ ಪಾಸ್ಟರ್ ಹತ್ತಿರ ಹೋದೆ. "ದೀಕ್ಷಾಸ್ನಾನ ಒಂದ ಸಲ ತಾಯಿ. ಮತ್ತ ತಗೊಂಡ್ರ ಮೊದಲಿನದು ಸುಳ್ಳು ಅಂದಂಗ ಆಗ್ತೈತಿ. ದೇವರು ಕೊಟ್ಟದ್ದು ಅದು, ನಾವು ಗಳಿಸಿದ್ದಲ್ಲ," ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಮನ್ಯಾಗ ಅವರಿಗೆ ಏನರ ಬ್ಯಾಸರ ಆಗೇತೇನು?" ಎಂದು ಕೇಳಿದರು. ಸಂಶಯ ನನ್ನ ಕಡೆಗೇ ತಿರುಗಿತು.

ಮರುವಾರ ಕಲ್ಲೋಳಿಗೆ ಹೋದೆ. ಸಭೆ ನಡೆಸುವಾತ ಶೆಡ್ಡಿನ ಮುಂದೆ ಟೆಂಪೋ ತೊಳೆಯುತ್ತಿದ್ದ. ನಾನು ಯಾರೆಂದು ಹೇಳಿದೊಡನೆ ಕೈ ಒರೆಸಿಕೊಂಡ. ಒಳಗಿನಿಂದ ಇಬ್ಬರು ಹೊರಬಂದು ಬಾಗಿಲಲ್ಲಿ ನಿಂತರು. ಒಬ್ಬ ಮೊಬೈಲ್ ತೆಗೆದು ನನ್ನ ಮಾತು ರೆಕಾರ್ಡ್ ಮಾಡತೊಡಗಿದ್ದು ಕಾಣಿಸಿತು. ನಾನು ದೂರು ಕೊಡಲು ಬಂದವಳು ಎಂದುಕೊಂಡಿದ್ದರು.

"ನಮ್ಮವ್ವನ ತಲೀ ಯಾಕ ಕೆಡಸ್ತೀರಿ?" ಎಂದೆ.

"ನಾ ಕರದಿಲ್ರಿ ಅಕ್ಕಾರ. ನಾನ ತಡದೇನಿ. ಮನ್ಯಾಗ ಕೇಳಿ ಬರ್ರಿ ಅಂತ ಹೇಳಿ ಕಳಿಸಿದ್ದೆ. ಮಗಳು ಹೂಂ ಅಂದಾಳ ಅಂತ ಹೇಳಿದ್ರು."

ಆತ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೆ ಅವ್ವ ಹೇಳಿದ್ದಾಳೆ. ಆತನೇ ಆಗಲಿ ಎಂದು ದಾರಿಯುದ್ದಕ್ಕೂ ಬಯಸಿದೆ.

ಮನೆಗೆ ಬಂದು ಕೇಳಿದಾಗ ಸುಳ್ಳು ತನ್ನದೇ ಎಂದು ಅವ್ವ ಒಪ್ಪಿಕೊಂಡಳು. ಆಮೇಲೆ, ನಾನು ಅಲ್ಲಿಯವರೆಗೆ ಕೇಳಿರದ ಸಂಗತಿ ಹೇಳಿದಳು. ಅವಳು ಹುಟ್ಟಿದ್ದು ಬೆಲ್ಲದ ಬಾಗೇವಾಡಿಯಲ್ಲಿ. ಕೂಸಿಗೆ ಜ್ವರ ಏರಿ ಉಳಿಯುವ ಆಸೆ ಇರಲಿಲ್ಲ. ಅಜ್ಜ ಪಾಸ್ಟರನ್ನು ಕರೆತರಲು ಹುಕ್ಕೇರಿಗೆ ಹೋದ. ಆತ ಬರುವುದರೊಳಗೆ ಕೂಸು ಹೋದೀತೆಂದು ಅವ್ವನ ತಾಯಿ, ನನ್ನ ಆಯಿ, ತಾನೇ ತಂಬಿಗೆ ನೀರನ್ನು ತಲೆಗೆ ಹಾಕಿ, ತಂದೆ ಮಗ ಪವಿತ್ರಾತ್ಮನ ಹೆಸರು ಹೇಳಿದಳಂತೆ. ಪಾಸ್ಟರ್ ಬಂದು, ಅಷ್ಟೇ ಸಾಕು, ಮತ್ತೆ ಬೇಡ ಎಂದರಂತೆ.

"ನಿಮ್ಮ ಆಯಿ ಒಮ್ಮೆ ಕೇಳಿದ್ರ ನಾನ ಹಾಕೀನಿ ಅಂತಿದ್ಲು. ಇನ್ನೊಮ್ಮೆ ಬಾಜೂದಾಕಿ ಹಾಕಿದ್ಲು ಅಂತಿದ್ಲು. ಕಡೀಕ ಕೇಳಿದಾಗ, ನನಗ ನೆನಪಿಲ್ಲವಾ, ನಾ ಅಳಾಕತ್ತಿದ್ದೆ ಅಂದ್ಲು. ಪ್ರತಿ ಸಲ ಚರ್ಚಿನ್ಯಾಗ ದೀಕ್ಷಾಸ್ನಾನ ಆದವರಿಗಷ್ಟ ಕೊಡೂ ರೊಟ್ಟಿ ದ್ರಾಕ್ಷಾರಸ ತಗೋಳಾಗ ನನಗ ಸಂಶೆ ಬರತೈತಿ. ನಾ ಖರೆ ಒಳಗಿನಾಕಿ ಹೌದೋ ಅಲ್ಲೋ ಅಂತ. ಯಾರಿಗೆ ಹೇಳ್ಲಿ?"

"ನಮ್ಮ ಪಾಸ್ಟರಿಗೆ ಹೇಳಬೇಕಿತ್ತು."

"ಅವರು ಆಗೇತಿ ಅಂತಾರ. ಆಗೇತಿ ಅಂತ ಎಲ್ಲಾರೂ ಅಂದಾರ. ನಾ ಒಮ್ಮೆ ಹೂಂ ಅನಬೇಕು."

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಕಲ್ಲೋಳಿ ಸಭೆಯವರ ಜೊತೆ ಹಿಡಕಲ್ ಅಣೆಕಟ್ಟಿನ ಹಿನ್ನೀರಿಗೆ ಹೋದೆವು. ನಾನೂ ಹೋದೆ, ಕಾಯಲಿಕ್ಕೆ. ಮೀನಿನ ಬಲೆ ಒಣಹಾಕಿದ್ದ ದಂಡೆಯಲ್ಲಿ ಅವ್ವ ಬಿಳಿ ಸೀರೆ ಉಟ್ಟು ನಿಂತಿದ್ದಳು. ಅಷ್ಟರಲ್ಲಿ ನೀರಾವರಿ ಇಲಾಖೆಯ ಒಬ್ಬಾತ ಬೈಕ್ ನಿಲ್ಲಿಸಿ ಬಂದ.

"ಏನ್ ನಡಸೀರಿ ಇಲ್ಲಿ? ಯಾರನ್ನ ಜಾತಿ ಕೆಡಸಾಕತ್ತೀರಿ?"

ಸಭೆಯವರೆಲ್ಲ ನನ್ನ ಕಡೆ ನೋಡಿದರು. ಉತ್ತರ ಕೊಡಬೇಕಾದವಳು ನಾನೇ ಎಂದು ತಿಳಿಯಿತು.

"ನಮ್ಮವ್ವರಿ. ನಾವು ಮೂರು ತಲಿಯಿಂದ ಕ್ರಿಶ್ಚನ್ ಮಂದಿ. ಆಕಿ ತಾನ ಕೇಳಿ ಬಂದಾಳ."

"ಮೊದಲ ಕ್ರಿಶ್ಚನ್ ಇದ್ರ ಮತ್ತ ಯಾಕ್ರಿ ಇದು?"

ಆ ಪ್ರಶ್ನೆ ನನ್ನದೂ ಆಗಿತ್ತು. "ಅವ್ವನ್ನ ಕೇಳ್ರಿ" ಎಂದೆ. ಆತ ಅವ್ವನ ಬಿಳಿ ತಲೆ ನೋಡಿ ಏನೂ ಕೇಳಲಿಲ್ಲ. ಬೈಕಿಗೆ ಒರಗಿ ಕೊನೆಯವರೆಗೂ ನಿಂತೇ ಇದ್ದ.

ಟೆಂಪೋದಾತ ಸೊಂಟಮಟ್ಟದ ನೀರಿನಲ್ಲಿ ಅವ್ವನ ಕೈ ಹಿಡಿದು, ಯೇಸುವನ್ನು ನಂಬುತ್ತೀರಾ ಎಂದು ಕೇಳಿದ. ಅವ್ವ "ಹೂಂ" ಎಂದದ್ದು ದಂಡೆಗೂ ಕೇಳಿಸಿತು. ಬೆನ್ನಿಗೆ ಕೈ ಕೊಟ್ಟು ಮುಳುಗಿಸಿದ. ಅವಳ ಮೇಲೆ ನೀರು ಕೂಡಿಕೊಂಡಿತು. ಆ ಒಂದು ಗಳಿಗೆ ನಾನು ಆತನನ್ನು ನಂಬಲಿಲ್ಲ. ಚಪ್ಪಲಿ ಸಮೇತ ನೀರಿಗಿಳಿದುಬಿಟ್ಟೆ. ಅವ್ವ ಮೇಲೆದ್ದು ಕೆಮ್ಮಿ, ಕಣ್ಣೊರೆಸಿಕೊಂಡು ನನ್ನನ್ನು ನೋಡಿ ನಕ್ಕಳು.

ಮುಂದಿನ ಭಾನುವಾರ ಅವಳು ನಮ್ಮ ಜೊತೆ ಗೋಕಾಕಕ್ಕೆ ಬಂದಳು. ರೊಟ್ಟಿ ಕೊಡುವಾಗ ಪಾಸ್ಟರ್ ಅವ್ವನ ಮುಂದೆ ಒಂದು ಕ್ಷಣ ತಡೆದರು. ಆಮೇಲೆ ಕೊಟ್ಟರು. ಅವರಿಗೆ ಗೊತ್ತಾಗಿದೆ ಎಂದು ನನಗೆ ಖಾತ್ರಿಯಾಯಿತು. ಯಾರು ಚಾಡಿ ಹೇಳಿದ್ದಾರು ಎಂದು ಬೆಂಚು ಬೆಂಚು ನೋಡಿದೆ. ಹೊರಗೆ ಬಂದ ಮೇಲೆ ತಡೆಯಲಾಗದೆ ಅವ್ವನನ್ನೇ ಕೇಳಿದೆ.

"ಫೋನ್ ಮಾಡಿ ನಾನ ಹೇಳೀನಿ," ಎಂದಳು ಅವ್ವ, ಸೆರಗು ಸರಿ ಮಾಡಿಕೊಳ್ಳುತ್ತ. "ರೊಟ್ಟಿ ಕೊಡ್ತಾರೋ ಇಲ್ಲೋ ನೋಡೂಣು ಅಂತ ಬಂದಿದ್ದೆ."